ವಿಮಾನದ ಚಿಹ್ನೆಗೆ ಜಾಮೀನು ಯಾರು?

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದ ಕೂಡಲೇ ಪರದೆಯ ಮೂಲೆಯಲ್ಲಿ ಪುಟ್ಟ ವಿಮಾನವೊಂದು ಮೂಡುತ್ತದೆ. ಇನ್ನು ಸಿಗ್ನಲ್ ಹೊರಗೆ ಹೋಗದು ಎಂದು ನಾವು ನಿಶ್ಚಿಂತರಾಗುತ್ತೇವೆ. ಆದರೆ ಆ ವಿಮಾನವನ್ನು ಬಿಡಿಸಿದ್ದು ಫೋನಿನ ಸಾಫ್ಟ್‌ವೇರ್. ಅದೇ ಬೇರೊಬ್ಬರ ಕೈವಶವಾಗಿದ್ದರೆ ವಿಮಾನ ಅಲ್ಲಿಯೇ ಕಾಣುತ್ತಿರುತ್ತದೆ, ರೇಡಿಯೊ ತನ್ನ ಪಾಡಿಗೆ ಮಾತಾಡುತ್ತಿರುತ್ತದೆ.

ಇದು ಬರೀ ಸಂಶಯಪಿಶಾಚಿಗಳ ಮಾತಲ್ಲ. 2016ರ ಆಗಸ್ಟ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಮಾನವ ಹಕ್ಕುಗಳ ಹೋರಾಟಗಾರ ಅಹ್ಮದ್ ಮನ್ಸೂರ್ ಅವರಿಗೆ, ಜೈಲುಗಳ ಚಿತ್ರಹಿಂಸೆಯ ಗುಟ್ಟು ತಿಳಿಸುತ್ತೇವೆ ಎನ್ನುವ ಎಸ್ಸೆಮ್ಮೆಸ್ ಬಂತು. ಅವರು ಲಿಂಕ್ ಒತ್ತದೆ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ಗೆ ಅದನ್ನು ದಾಟಿಸಿದರು. ಆ ಲಿಂಕಿನ ಹಿಂದೆ ಅಡಗಿದ್ದದ್ದು ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್. ಆಪಲ್‌ಗೂ ಗೊತ್ತಿರದ ಮೂರು ಬಿರುಕುಗಳಿಂದ ಐಫೋನಿನ ಒಳನುಗ್ಗಬಲ್ಲ ಕುತಂತ್ರಾಂಶ. ಐದು ವರ್ಷಗಳಲ್ಲಿ ಈ ತಂತ್ರ ಎಷ್ಟು ಪಳಗಿತೆಂದರೆ, ಯಾವ ಲಿಂಕನ್ನೂ ಒತ್ತದವರ ಫೋನಿಗೂ ಅದು ಹೊಕ್ಕಿತು.

ಅದೇ 2016ರಲ್ಲಿ ಹಾರ್ಡ್‌ವೇರ್ ತಜ್ಞ ಆಂಡ್ರ್ಯೂ 'ಬನ್ನಿ' ಹುವಾಂಗ್ ಮತ್ತು ಅಮೆರಿಕದ ರಹಸ್ಯ ಕಣ್ಗಾವಲನ್ನು ಬಯಲಿಗೆಳೆದ ಎಡ್ವರ್ಡ್ ಸ್ನೋಡೆನ್ ಸೇರಿ ಪತ್ರಕರ್ತರಿಗಾಗಿ ಒಂದು ಕಾವಲು ಯಂತ್ರದ ವಿನ್ಯಾಸ ಮುಂದಿಟ್ಟರು. ನೋಡಲು ಐಫೋನ್ 6ರ ಬ್ಯಾಟರಿ ಕೇಸ್‌ನಂತಿರುತ್ತದೆ. ಸಿಮ್ ಹಾಕುವ ಕಿಂಡಿಯಿಂದ ತೆಳು ತಂತಿಗಳು ಒಳಹೋಗಿ, ರೇಡಿಯೊ ಚಿಪ್‌ಗಳಿಗೆ ಹೋಗುವ ವಿದ್ಯುತ್ ಸಂಕೇತಗಳನ್ನೇ ಮುಟ್ಟಿ ನೋಡುತ್ತವೆ. ಪರದೆ ಏನೇ ಹೇಳಲಿ, ರೇಡಿಯೊ ಎಚ್ಚೆತ್ತರೆ ಕೇಸ್ ಎಚ್ಚರಿಸುತ್ತದೆ. ಎಲ್ಲಿ ಮುಟ್ಟಬೇಕೆಂಬುದಕ್ಕೆ ನೆರವಾದದ್ದು ಚೀನಾದ ಶೆನ್‌ಝೆನ್ ಪೇಟೆಯಲ್ಲಿ ಮೊಬೈಲ್ ರಿಪೇರಿಯವರು ಬಳಸುವ ನಕ್ಷೆಗಳು!

ಸುರಕ್ಷಿತ ಫೋನ್ ಎಂದು ಮಾರುವವರನ್ನೇ ನಂಬಬಹುದಲ್ಲ ಎನ್ನುವವರಿಗೆ ಆನೊಮ್ ಪ್ರಕರಣ ನೆನಪಿಸಬೇಕು. ಪಾತಕಿಗಳ ಜಾಲಗಳು ಭರವಸೆಯಿಂದ ಕೊಂಡ 12,000ಕ್ಕೂ ಹೆಚ್ಚು ಆನೊಮ್ ಫೋನುಗಳನ್ನು ನಡೆಸುತ್ತಿದ್ದದ್ದು ಅಮೆರಿಕದ ಎಫ್‌ಬಿಐ. 2021ರಲ್ಲಿ ಅದು ಬಯಲಾಯಿತು. ಅಲ್ಲಿ ಸಿಕ್ಕಿಬಿದ್ದವರ ಬಗ್ಗೆ ನನಗೇನೂ ಮರುಕವಿಲ್ಲ. ಆದರೆ ಬೇಲಿಯೇ ಎದ್ದು ಹೊಲ ಮೇಯಬಹುದೆಂಬುದು ಸಾಬೀತಾಯಿತು.

ಹುವಾಂಗ್ ಆಮೇಲೆ ರೂಪಿಸಿದ, ಕೈಯಲ್ಲಿ ಹಿಡಿಯುವ ಯಂತ್ರ 'ಪ್ರಿಕರ್ಸರ್' ಹುಟ್ಟಿದ್ದು ಇಂಥ ಅಪನಂಬಿಕೆಯಿಂದಲೇ. ಚಿಪ್ ಒಂದನ್ನು ಹಾಳುಮಾಡದೆ ಅದರೊಳಗೆ ಏನಿದೆಯೆಂದು ಪೂರ್ತಿ ಪರೀಕ್ಷಿಸುವುದು ಬಹಳ ಕಷ್ಟ. ಹಾಗಾಗಿ ಅವರು ಸಿದ್ಧ ಪ್ರೊಸೆಸರ್ ಬಿಟ್ಟು ಎಫ್‌ಪಿಜಿಎ ಆರಿಸಿಕೊಂಡರು. ಇದು ಕಾರ್ಖಾನೆಯಿಂದ ಖಾಲಿಯಾಗಿ ಬರುವ ಚಿಪ್. ಪ್ರೊಸೆಸರ್‌ನ ಸರ್ಕ್ಯೂಟನ್ನು ಆಮೇಲೆ ಅದರೊಳಗೆ ತುಂಬಿಸಬೇಕು. ನೀವು ಯಾವ ಸರ್ಕ್ಯೂಟ್ ತುಂಬಿಸುತ್ತೀರಿ ಎಂಬುದು ಚಿಪ್ ತಯಾರಿಸುವವರಿಗೆ ಮೊದಲೇ ತಿಳಿಯದು, ಹಾಗಾಗಿ ಕಳ್ಳಬಾಗಿಲು ಎಲ್ಲಿಡಬೇಕೆಂದೂ ತೋಚದು. ಇದಕ್ಕೆ ತೆರುವ ಬೆಲೆ ವೇಗ: ಪ್ರಿಕರ್ಸರ್‌ನದು ಬರೀ 100 ಮೆಗಾಹರ್ಟ್ಸ್. ಪರದೆ ಕಪ್ಪು-ಬಿಳುಪಿನದು, ಯಾಕೆಂದರೆ ಗಾಜಿನ ಮೇಲಿನ ಅದರ ಸರ್ಕ್ಯೂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಟಚ್‌ಸ್ಕ್ರೀನ್ ಇಲ್ಲ, ಅದನ್ನು ನಿಭಾಯಿಸುವ ಚಿಪ್‌ಗೆ ನೀವು ಟೈಪಿಸುವ ಪಾಸ್‌ವರ್ಡ್ ಎಲ್ಲ ಗೊತ್ತಾಗುತ್ತದೆ. ಬದಲಿಗೆ ಒತ್ತುವ ಗುಂಡಿಗಳಿವೆ. ಒಳಗೆ ಮೈಕ್ ಕೂಡ ಇಲ್ಲ. ಮಾತಾಡಬೇಕಾದರೆ ಹೆಡ್‌ಸೆಟ್ ಸಿಕ್ಕಿಸಿಕೊಳ್ಳಿ.

ನನಗೆ ಹೆಚ್ಚು ಹಿಡಿಸಿದ್ದು ಅದರ ಕಡತಗಳ ವ್ಯವಸ್ಥೆ. ಕಣ್ಗಾವಲಿನ ನಾಡುಗಳಲ್ಲಿ ಪೊಲೀಸರು ಫೋನ್ ಕಸಿದು "ತೆರೆ" ಎಂದಾಗ ಎಂಥ ಗೂಢಲಿಪಿಯೂ ನಿಷ್ಪ್ರಯೋಜಕ. ಪ್ರಿಕರ್ಸರ್‌ನಲ್ಲಿ ಒಂದು ಪಾಸ್‌ವರ್ಡ್‌ಗೆ ಒಂದಿಷ್ಟು ಕಡತಗಳು ತೆರೆದುಕೊಳ್ಳುತ್ತವೆ, ಇನ್ನೊಂದಕ್ಕೆ ಮತ್ತಷ್ಟು. ಆ ಮತ್ತಷ್ಟು ಇದೆಯೋ ಇಲ್ಲವೋ ಎಂದು ಹೊರಗಿನವರು ಸಾಬೀತುಪಡಿಸದಂತೆ ಅದನ್ನು ರಚಿಸಲಾಗಿದೆ. ಆದರೂ ಇಂಥ ಅಪರೂಪದ ಯಂತ್ರ ಕೈಯಲ್ಲಿದ್ದರೆ ಅದೇ ಅನುಮಾನಕ್ಕೆ ಕಾರಣವಾದೀತು. ಅದಕ್ಕೆ ಎಂಜಿನಿಯರ್‌ಗಳ ಬಳಿ ಮದ್ದಿಲ್ಲ.

ಇಷ್ಟೆಲ್ಲ ಮಾಡಿದ ಹುವಾಂಗ್, ಪ್ರಿಕರ್ಸರ್‌ನೊಳಗೆ ಮೊಬೈಲ್ ಮೋಡೆಮ್ ಇಡಲೇ ಇಲ್ಲ. ಹೊರಜಗತ್ತಿಗೆ ಅದರ ದಾರಿ ವೈಫೈ ಮಾತ್ರ, ಆ ವೈಫೈ ಚಿಪ್ ಕೂಡ ನಂಬಿಕೆಗೆ ಅನರ್ಹವೆಂದು ಬೇರೆಯಾಗಿಯೇ ಇದೆ. ಇನ್ನು ಸಿಮ್ ಇರುವ ಯಾವುದೇ ಫೋನಿಗೆ ಕರೆ ತಲುಪಬೇಕಾದರೆ ಅದು ಯಾವ ಟವರ್‌ಗಳ ಆಸುಪಾಸಿನಲ್ಲಿದೆಯೆಂದು ಮೊಬೈಲ್ ಕಂಪನಿಗೆ ಗೊತ್ತಿರಲೇಬೇಕು. ಕಂಪನಿಗೆ ಗೊತ್ತಿದ್ದದ್ದನ್ನು ಸರ್ಕಾರ ಕೇಳಿ ಪಡೆಯಬಲ್ಲದು. ಎಲ್ಲಿಗೆ ಹೋಗುತ್ತೀರೆಂಬುದೇ ಗುಟ್ಟಾಗಿರಬೇಕಾದರೆ, ಫೋನನ್ನು ಮನೆಯಲ್ಲಿಟ್ಟು ಹೊರಡಿ.