ಗಾಳಿ-ಮಳೆಗೆ ಶೀಟ್ ಹಾರಿತಾ? ಮೊದಲು ಫೋಟೋ, ಆಮೇಲೆ ರಿಪೇರಿ

ಕತ್ತಲಗೆರೆ (ಚನ್ನಗಿರಿ ತಾ.): ಗಾಳಿ-ಮಳೆಗೆ ಶೀಟ್ ಹಾರಿ ಗೋಡೆ ಬಿದ್ದರೆ ನಾವು ಮೊದಲು ಮಾಡೋದೇ ಬಳಿದು ಸ್ವಚ್ಛ ಮಾಡೋದು. ವಿಮೆ ಹಣಕ್ಕೆ ಬೇಕಾದ ಸಾಕ್ಷಿ ಅಲ್ಲೇ ಹೋಗಿಬಿಡುತ್ತೆ.

ಮೊದಲು ಎಲ್ಲಾ ಕಡೆಯಿಂದ ಫೋಟೋ, ವಿಡಿಯೋ ತೆಗೆದಿಡಿ. ನೀರು ಒಳಗೆ ಬಾರದಂಗೆ ತಾಡಪಾಲು ಹಾಕಿ. ಪೂರ್ತಿ ರಿಪೇರಿ ಸರ್ವೇಯರ್ ನೋಡಿದ ಮೇಲೆ. ಅಲ್ಲೀತನಕ ಮುರಿದ ಶೀಟ್ ಗುಜರಿಗೆ ಹಾಕಬೇಡಿ.

ಮನೆ, ಅಂಗಡಿ ಮೇಲೆ ಸಾಲ ಇದ್ದರೆ, ವಿಮೆ ಮಾಡಿಸಿದ್ದಾರಾ ಅಂತ ಬ್ಯಾಂಕಿನಲ್ಲಿ ಕೇಳಿ. 2021ರ ಏಪ್ರಿಲ್‌ನಲ್ಲಿ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬಿರುಗಾಳಿ, ನೆರೆ, ಸಿಡಿಲಿನ ಹಾನಿ ಸೇರಿದೆ. ಕಂಪನಿಗೆ ಕೂಡಲೇ ತಿಳಿಸಿ, ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ. ಸತಾಯಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ, ಆಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255ಕ್ಕೆ ಕರೆ ಮಾಡಿ.

ವಿಮೆ ಇಲ್ವಾ? ಮನೆ ಹಾನಿಗೆ ಸರ್ಕಾರದ ಪರಿಹಾರ ಇದೆ. ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ತಹಶೀಲ್ದಾರ್‌ಗೆ ಅರ್ಜಿ ಕೊಡಿ. ಅಲ್ಲಿಗೂ ಅದೇ ಫೋಟೋ ಬೇಕು.