ಆಪ್ ಮಾಡುವವರ ಪರಿಭಾಷೆ ನಮಗೂ ತಿಳಿದಿರಲಿ



ನಮ್ಮ ಸದಸ್ಯರ ಮನೆಗಳಲ್ಲಿ ಈಚೆಗೆ ಒಂದು ಹುದ್ದೆಯ ಹೆಸರು ಮೇಲಿಂದ ಮೇಲೆ ಕೇಳಿಬರುತ್ತಿದೆ: ಪ್ರಾಡಕ್ಟ್ ಮ್ಯಾನೇಜರ್. ಹೊಸೂರಿನಿಂದ ಬೆಂಗಳೂರಿಗೆ ಹೋಗಿಬರುವ ಹುಡುಗಿಯರು, ಸೊಲ್ಲಾಪುರ ಬಿಟ್ಟು ಪುಣೆ ಸೇರಿದ ಹುಡುಗರು ಹಲವರು ಈ ಕೆಲಸದಲ್ಲಿದ್ದಾರೆ. "ಕೋಡ್ ಬರೆಯುವುದಿಲ್ಲವಂತೆ, ಮಾರಾಟಕ್ಕೂ ಹೋಗುವುದಿಲ್ಲವಂತೆ, ಬೆಳಗಿನಿಂದ ಸಂಜೆವರೆಗೆ ಮೀಟಿಂಗ್. ಹಾಗಾದರೆ ಸಂಬಳ ಯಾತಕ್ಕೆ ಕೊಡುತ್ತಾರೆ?" ಎಂದು ಹಿರಿಯ ಸದಸ್ಯರು ಕೇಳುವುದುಂಟು.

ಉತ್ತರ ತಿಳಿದಿರಬೇಕಾದ್ದು ಮಕ್ಕಳ ಸಂಬಳದ ಕಾರಣಕ್ಕಷ್ಟೇ ಅಲ್ಲ. ಹಣ ಕಳಿಸುವುದು, ಗ್ಯಾಸ್ ಬುಕ್ ಮಾಡುವುದು, ಬಸ್ಸಿನ ಟಿಕೆಟ್, ಕರೆಂಟು ಬಿಲ್ಲು ಎಲ್ಲವೂ ಈಗ ಫೋನಿಗೆ ಬಂದಿವೆ. ಆ ಫೋನಿನ ಪರದೆಯ ಮೇಲೆ ಕನ್ನಡ ಇರಬೇಕೋ ಬೇಡವೋ, ಇದ್ದರೆ ಕರ್ನಾಟಕದ ಒಳಗಿನವರಿಗೆ ಮಾತ್ರವೋ, ಗಡಿಯಾಚೆ ಇರುವ ನಮಗೂ ಉಂಟೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಇವರ ಮೇಜಿನ ಮೇಲೆ. ಸರಕಾರಿ ಕಚೇರಿಗೆ ಅರ್ಜಿ ಬರೆಯುವ ಕ್ರಮ ನಮಗೆ ಗೊತ್ತು. ಈ ಹೊಸ ಮೇಜಿಗೆ ಬರೆಯುವ ಕ್ರಮವೂ ಗೊತ್ತಿರಲಿ ಎಂದು ಈ ಟಿಪ್ಪಣಿ.

ಪ್ರಾಡಕ್ಟ್ ಮ್ಯಾನೇಜರ್ ಯಾರು?

ಸಾಫ್ಟ್‌ವೇರ್‌ನಲ್ಲಿ ಪ್ರಾಡಕ್ಟ್ ಎಂದರೆ ಜನ ಬಳಸುವ ಆಪ್, ವೆಬ್‌ಸೈಟ್ ಅಥವಾ ಸೇವೆ. ಅದನ್ನು ಕಟ್ಟುವವರು ಎಂಜಿನಿಯರುಗಳು, ಅದರ ರೂಪ ಬರೆಯುವವರು ಡಿಸೈನರುಗಳು. ಏನನ್ನು ಕಟ್ಟಬೇಕು, ಯಾರಿಗಾಗಿ, ಯಾವುದು ಮೊದಲು, ಯಾವುದು ಬೇಡ ಎಂದು ತೀರ್ಮಾನಿಸಿ ಅದಕ್ಕೆ ಹೊಣೆ ಹೊರುವವರು ಪ್ರಾಡಕ್ಟ್ ಮ್ಯಾನೇಜರ್. ಪ್ರಾಜೆಕ್ಟ್ ಮ್ಯಾನೇಜರ್ ಬೇರೆ. ಒಪ್ಪಿಕೊಂಡ ಕೆಲಸ ಹೇಳಿದ ದಿನಕ್ಕೆ, ಹೇಳಿದ ಖರ್ಚಿನಲ್ಲಿ ಮುಗಿಯಿತೇ ಎಂದು ನೋಡುವವರು ಅವರು.

ಈ ಹುದ್ದೆಯ ಬೇರು ಇರುವುದು ಕಂಪ್ಯೂಟರಿನಲ್ಲಿ ಅಲ್ಲ, ಸಾಬೂನಿನಲ್ಲಿ. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿದ್ದ ನೀಲ್ ಮೆಕೆಲ್ರಾಯ್ ಎಂಬವರು ಮೇಲಿನವರಿಗೆ ಒಂದು ಟಿಪ್ಪಣಿ ಕಳಿಸಿದರು. ಒಂದೊಂದು ಸಾಬೂನಿಗೂ ಅದರ ಪೂರ್ತಿ ಜವಾಬ್ದಾರಿ ಹೊರುವ ಒಬ್ಬ ಮನುಷ್ಯ ಬೇಕು ಎಂಬುದು ಅದರ ಸಾರ. ಮೆಕೆಲ್ರಾಯ್ ಮುಂದೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯೂ ಆದರು. ಒಂದು ಕಚೇರಿ ಟಿಪ್ಪಣಿ ಎಷ್ಟು ದೂರ ಹೋಗಬಲ್ಲದು ನೋಡಿ.

ಎಂವಿಪಿ, ರಿಲೀಸ್, ರೋಡ್‌ಮ್ಯಾಪ್

ಮುಂದಿನ ಪದಗಳಿಗೆ ನಮ್ಮೆಲ್ಲರಿಗೂ ಪರಿಚಯವಿರುವ ಭೀಮ್ ಆಪ್ ಅನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಯುಪಿಐ ವ್ಯವಸ್ಥೆ 2016ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಭೀಮ್ ಆಪ್ ಬಿಡುಗಡೆಯಾದದ್ದು ನೋಟು ರದ್ದಿನ ಬೆನ್ನಿಗೆ, 2016ರ ಡಿಸೆಂಬರ್ 30ರಂದು. ಮೊದಲ ದಿನ ಅದರಲ್ಲಿ ಇದ್ದದ್ದು ಸ್ವಲ್ಪವೇ: ಹಣ ಕಳಿಸುವುದು, ಹಣ ಕೇಳುವುದು, ಸ್ಕ್ಯಾನ್ ಮಾಡಿ ಕೊಡುವುದು. ಆಂಡ್ರಾಯ್ಡ್ ಫೋನಿಗೆ ಮಾತ್ರ. ಭಾಷೆ ಹಿಂದಿ ಮತ್ತು ಇಂಗ್ಲಿಷ್, ಎರಡೇ.

ಹೀಗೆ ಅತ್ಯಗತ್ಯವಾದ ಕೆಲಸವಷ್ಟನ್ನೇ ಮಾಡಿಕೊಡುವ ಮೊದಲ ರೂಪಕ್ಕೆ ಎಂವಿಪಿ ಎನ್ನುತ್ತಾರೆ. 'ಮಿನಿಮಮ್ ವಯಬಲ್ ಪ್ರಾಡಕ್ಟ್' ಎಂಬುದರ ಚುಟುಕು ರೂಪ ಅದು. ಪೂರ್ತಿ ಮನೆ ಕಟ್ಟುವ ಮೊದಲು ಒಂದು ಕೋಣೆ, ಒಂದು ಒಲೆ ಮಾಡಿಕೊಂಡು ವಾಸ ಶುರು ಮಾಡಿದಂತೆ. ಕೋಣೆ ಚಿಕ್ಕದಾದರೂ ಸೋರಬಾರದು. ವಾಸ ಶುರುವಾದ ಮೇಲೆ ಏನು ಬೇಕು, ಏನು ಬೇಡ ಎಂಬುದು ತಾನೇ ತಿಳಿಯುತ್ತದೆ.

ಬಳಕೆದಾರರ ಕೈಗೆ ಹೊಸ ರೂಪ ಕೊಡುವುದಕ್ಕೆ ರಿಲೀಸ್ ಎಂದು ಹೆಸರು. ಭೀಮ್ ಆಪ್‌ಗೆ ಮರು ತಿಂಗಳೇ, ಅಂದರೆ 2017ರ ಜನವರಿಯಲ್ಲಿ, ಕನ್ನಡವೂ ಸೇರಿ ಏಳು ಪ್ರಾದೇಶಿಕ ಭಾಷೆಗಳು ಬಂದವು. ಐಫೋನಿನ ರೂಪವೂ ಆ ಬಳಿಕ ಬಂತು. ಮುಂದಿನ ತಿಂಗಳುಗಳಲ್ಲಿ ಏನೇನು ಯಾವ ಕ್ರಮದಲ್ಲಿ ಬರಲಿದೆ ಎಂಬ ಯೋಜನೆಗೆ ರೋಡ್‌ಮ್ಯಾಪ್ ಎನ್ನುತ್ತಾರೆ. ಮೊದಲ ದಿನ ಕನ್ನಡ ಇಲ್ಲದ್ದಕ್ಕೆ ಕನ್ನಡ ಬೇಡವೆಂದೇ ಅರ್ಥವಲ್ಲ. ಆದರೆ ರೋಡ್‌ಮ್ಯಾಪಿನಲ್ಲಿಯೂ ಇಲ್ಲದ್ದು ಮಾತ್ರ ತಾನಾಗಿ ಬರುವುದಿಲ್ಲ.

ಬ್ಯಾಕ್‌ಲಾಗ್ ಮತ್ತು ಸ್ಪ್ರಿಂಟ್

ಮಾಡಬೇಕಾದ ಕೆಲಸಗಳ ಪಟ್ಟಿಗೆ ಬ್ಯಾಕ್‌ಲಾಗ್ ಎಂದು ಹೆಸರು. ಕಚೇರಿಯಲ್ಲಿ ದುಡಿದವರಿಗೆ ಬಾಕಿ ಕಡತಗಳ ರಾಶಿ ಎಂದರೆ ಸಾಕು. ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಮೊದಲು ಬಂದ ಟಪಾಲು ಮೊದಲು ವಿಲೇವಾರಿಯಾಗಬೇಕು ಎಂಬ ನಿಯಮವಿತ್ತು, ಪಾಲಿಸಲಿ ಬಿಡಲಿ. ಇಲ್ಲಿ ಆ ನಿಯಮವೇ ಇಲ್ಲ. ಮೂರು ವರ್ಷದಿಂದ ಕಾದಿರುವ ಕೋರಿಕೆ ಅಡಿಯಲ್ಲೇ ಇರುತ್ತದೆ, ನಿನ್ನೆ ಬಂದದ್ದು ತುದಿಗೆ ಏರುತ್ತದೆ. ಅದರ ಲೆಕ್ಕವನ್ನು ಮುಂದೆ ನೋಡೋಣ.

ಪಟ್ಟಿಯ ತುದಿಯಿಂದ ಸ್ವಲ್ಪ ಸ್ವಲ್ಪ ಕೆಲಸ ತೆಗೆದುಕೊಂಡು ಗೊತ್ತಾದ ಅವಧಿಯಲ್ಲಿ, ಸಾಮಾನ್ಯವಾಗಿ ಎರಡು ವಾರದಲ್ಲಿ, ಮುಗಿಸುತ್ತಾರೆ. ಆ ಅವಧಿಯೇ ಸ್ಪ್ರಿಂಟ್. ವರ್ಷಗಟ್ಟಲೆ ಯೋಜಿಸಿ ಕೊನೆಗೆ ಒಮ್ಮೆಲೇ ಹೊರತರುವ ಬದಲು ಹೀಗೆ ಕಂತಿನಲ್ಲಿ ಮಾಡಿ ತೋರಿಸಿ ತಿದ್ದಿಕೊಳ್ಳುವ ಪದ್ಧತಿಗೆ ಅಜೈಲ್ ಎಂದು ಹೆಸರು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ತಂತ್ರಜ್ಞರು ಸೇರಿ ಇದರ ತತ್ವಗಳನ್ನು ಬರೆದಿಟ್ಟರು.

ಬಗ್ ಬೇರೆ, ಫೀಚರ್ ಬೇರೆ

ಆಪ್ ಮಾಡಬಲ್ಲ ಒಂದೊಂದು ಕೆಲಸವೂ ಒಂದು ಫೀಚರ್. ಮಾಡುತ್ತೇನೆಂದು ಒಪ್ಪಿಕೊಂಡ ಕೆಲಸವನ್ನು ತಪ್ಪಾಗಿ ಮಾಡಿದರೆ ಅದು ಬಗ್. ಆಪಿನಲ್ಲಿ ಕನ್ನಡವಿದೆ, ಆದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ, ಇದು ಬಗ್. ಆಪಿನಲ್ಲಿ ಕನ್ನಡವೇ ಇಲ್ಲ; ಇದು ಹೊಸ ಫೀಚರಿನ ಕೋರಿಕೆ. ಸಾಮಾನ್ಯವಾಗಿ ಬಗ್ ತಿದ್ದುವುದಕ್ಕೂ ಹೊಸ ಫೀಚರ್ ಕಟ್ಟುವುದಕ್ಕೂ ದಾರಿ ಬೇರೆ ಬೇರೆ. ಎರಡನ್ನೂ ಕಲಸಿ "ಕನ್ನಡಕ್ಕೆ ಅನ್ಯಾಯ" ಎಂದು ಒಂದೇ ಪತ್ರ ಬರೆದರೆ ಅದು ಯಾವ ಮೇಜಿಗೂ ಹೋಗದೆ ನಡುವೆ ನಿಲ್ಲುತ್ತದೆ. ಬಗ್ ಆದರೆ ಪರದೆಯ ಚಿತ್ರ, ಫೋನಿನ ಮಾದರಿ, ಆಪಿನ ಆವೃತ್ತಿ ಸಂಖ್ಯೆ ಕೊಡಬೇಕು. ಫೀಚರ್ ಆದರೆ ಯಾರಿಗೆ, ಯಾಕೆ ಬೇಕು ಎಂದು ಹೇಳಬೇಕು.

ಯೂಸರ್ ಸ್ಟೋರಿ

ಈ 'ಯಾರಿಗೆ, ಯಾಕೆ' ಎಂಬುದನ್ನು ಅವರು ಒಂದೇ ವಾಕ್ಯದಲ್ಲಿ ಬರೆಯುತ್ತಾರೆ. ಅದೇ ಯೂಸರ್ ಸ್ಟೋರಿ. ಅದರಲ್ಲಿ ಮೂರು ಭಾಗ: ಇಂಥವರು, ಇಂಥದ್ದು ಬೇಕು, ಇಂಥ ಕಾರಣಕ್ಕೆ. ನಮ್ಮದನ್ನು ಹೀಗೆ ಬರೆಯಬಹುದು: "ತಾಳವಾಡಿಯಲ್ಲಿ ಕನ್ನಡ ಶಾಲೆಯಲ್ಲಿ ಓದಿದ, ತಮಿಳು ಓದಲು ಬಾರದ ಬಳಕೆದಾರಳಾದ ನನಗೆ ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಕಾಣಬೇಕು, ಏಕೆಂದರೆ ಹಣ ಕಳಿಸುವ ಮೊದಲು ಬರುವ ಎಚ್ಚರಿಕೆಯನ್ನು ಓದಿ ತಿಳಿಯಬೇಕು." ಇದರಲ್ಲಿ ಆವೇಶವಿಲ್ಲ, ಆದರೆ ಓದಿದವನಿಗೆ ಮಾಡಬೇಕಾದ ಕೆಲಸ ಸ್ಪಷ್ಟವಾಗಿ ಕಾಣುತ್ತದೆ.

ಸೆಗ್ಮೆಂಟ್: ನಾವು ಯಾರ ಲೆಕ್ಕದಲ್ಲಿ?

ಬಳಕೆದಾರರನ್ನು ಗುಂಪುಗಳಾಗಿ ವಿಂಗಡಿಸಿದಾಗ ಒಂದೊಂದು ಗುಂಪೂ ಒಂದು ಸೆಗ್ಮೆಂಟ್. ಸ್ಮಾರ್ಟ್‌ಫೋನ್ ಇಲ್ಲದವರನ್ನು ಪ್ರತ್ಯೇಕ ಗುಂಪಾಗಿ ಕಂಡದ್ದರಿಂದಲೇ ಗುಂಡಿಯ ಫೋನಿನಲ್ಲಿ ಹಣ ಕಳಿಸುವ ಯುಪಿಐ 123ಪೇ 2022ರ ಮಾರ್ಚ್‌ನಲ್ಲಿ ಬಂತು. ಗುಂಪಾಗಿ ಕಂಡವರಿಗೆ ಸೌಲಭ್ಯ ಬರುತ್ತದೆ.

ನಮ್ಮ ತೊಡಕು ಇರುವುದು ಇಲ್ಲಿಯೇ. ಕೆಲವು ಆಪ್‌ಗಳು ಬಳಕೆದಾರರನ್ನು ರಾಜ್ಯವಾರು ವಿಂಗಡಿಸಿ, ಇರುವ ಊರು ನೋಡಿ ಭಾಷೆಯನ್ನು ಮುಂದಿಡುತ್ತವೆ. ಜತ್ತ, ಅಕ್ಕಲಕೋಟೆಯವರಿಗೆ ಮರಾಠಿ, ಆದೋನಿ, ಮಡಕಶಿರಾದವರಿಗೆ ತೆಲುಗು, ಕಾಸರಗೋಡಿನವರಿಗೆ ಮಲಯಾಳ. ಈ ಭಾಷೆಗಳ ಮೇಲೆ ನಮಗೆ ಮುನಿಸಿಲ್ಲ, ದಿನವೂ ಆಡುವವರೇ ನಾವು. ಆದರೆ 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ, ತಮಿಳುನಾಡಿನಲ್ಲಿ 12 ಲಕ್ಷಕ್ಕೂ ಹೆಚ್ಚು ಜನ ಕನ್ನಡ ತಮ್ಮ ಮಾತೃಭಾಷೆ ಎಂದು ಬರೆಸಿದ್ದಾರೆ. ರಾಜ್ಯವಾರು ಕೋಷ್ಟಕದಲ್ಲಿ ಇಷ್ಟೂ ಜನ ಕಾಣದೆ ಹೋಗುತ್ತಾರೆ.

ಆದ್ಯತೆಯ ಲೆಕ್ಕ

ಬ್ಯಾಕ್‌ಲಾಗಿನಲ್ಲಿ ಯಾವುದು ಮೇಲೆ ಎಂದು ನಿರ್ಧರಿಸಲು ಹಲವು ಸೂತ್ರಗಳಿವೆ. ರೈಸ್ ಎಂಬುದು ಅವುಗಳಲ್ಲಿ ಒಂದು. ಎಷ್ಟು ಜನಕ್ಕೆ ಮುಟ್ಟುತ್ತದೆ, ಒಬ್ಬೊಬ್ಬರಿಗೂ ಎಷ್ಟು ಪ್ರಯೋಜನ, ನಮ್ಮ ಅಂದಾಜಿನ ಮೇಲೆ ನಮಗೆಷ್ಟು ಭರವಸೆ, ಈ ಮೂರನ್ನೂ ಗುಣಿಸಿ, ತಗಲುವ ಶ್ರಮದಿಂದ ಭಾಗಿಸುವುದು.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಗಡಿಯಾಚೆಯವರಿಗೆ ಕನ್ನಡ ಕೊಡುವ ಕೋರಿಕೆ 10,000 ಜನಕ್ಕೆ ಮುಟ್ಟುತ್ತದೆ, ಪ್ರಯೋಜನ 1, ಭರವಸೆ 50 ಪ್ರತಿಶತ, ಶ್ರಮ ಒಬ್ಬ ಎಂಜಿನಿಯರಿನ 5 ತಿಂಗಳು ಎಂದುಕೊಳ್ಳಿ. ಅಂಕ 1,000. ಪಕ್ಕದಲ್ಲಿ ಇನ್ನೊಂದು ಕೋರಿಕೆ: 1,00,000 ಜನ, ಪ್ರಯೋಜನ ಅರ್ಧ, ಭರವಸೆ 80 ಪ್ರತಿಶತ, ಶ್ರಮ 4 ತಿಂಗಳು. ಅಂಕ 10,000. ನಮ್ಮದು ಅಡಿಗೆ ಹೋಯಿತು.

ಆದರೆ ಆ ಆಪಿನಲ್ಲಿ ಕರ್ನಾಟಕದವರಿಗಾಗಿ ಕನ್ನಡ ಆಗಲೇ ಸಿದ್ಧವಿದ್ದರೆ? ಅನುವಾದ ಆಗಿದೆ, ಅಕ್ಷರ ಕೂಡಿಸಿದ್ದಾಗಿದೆ. ಬೇರೆ ರಾಜ್ಯದವರಿಗೆ ಹಾಕಿರುವ ಚಿಲಕವೊಂದನ್ನು ತೆಗೆದರೆ ಸಾಕು. ಆಗ ಶ್ರಮ ಅರ್ಧ ತಿಂಗಳೆಂದು ಇಟ್ಟುಕೊಳ್ಳೋಣ. ಇಂತಿಷ್ಟು ಜನಕ್ಕೆ ಬೇಕೆಂಬ ಲಿಖಿತ ದಾಖಲೆ ನಾವು ಒದಗಿಸಿದ್ದರಿಂದ ಭರವಸೆ 80 ಪ್ರತಿಶತಕ್ಕೆ ಏರಿತು ಎನ್ನೋಣ. ಅಂಕ 16,000. ಜನಸಂಖ್ಯೆ ಒಂದೂ ಹೆಚ್ಚಲಿಲ್ಲ, ಆದರೂ ನಮ್ಮ ಕೋರಿಕೆ ಮೇಲೆ ಬಂತು. ಆದ್ದರಿಂದ ನಮ್ಮ ಪತ್ರದಲ್ಲಿ ಇರಬೇಕಾದ ಮುಖ್ಯ ಮಾತು "ನಾವು ಬಹಳ ಮಂದಿ ಇದ್ದೇವೆ" ಎಂಬುದಲ್ಲ. "ನಿಮ್ಮಲ್ಲಿ ಈಗಾಗಲೇ ಇರುವ ಕನ್ನಡವನ್ನು ನಮಗೂ ತೋರಿಸಿ, ಕೆಲಸ ಸಣ್ಣದು" ಎಂಬುದು.

ಟೆಕ್ನಿಕಲ್ ಡೆಟ್

ಎಲ್ಲ ಆಪಿನಲ್ಲಿಯೂ ಕೆಲಸ ಇಷ್ಟು ಸಣ್ಣದಿರುವುದಿಲ್ಲ. ಅವಸರದಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕೋಡಿನ ಒಳಗೇ ಬರೆದುಬಿಟ್ಟಿದ್ದರೆ ಪ್ರತಿ ಹೊಸ ಭಾಷೆಗೂ ಎಲ್ಲವನ್ನೂ ಹುಡುಕಿ ತೆಗೆಯಬೇಕು. ಇಂದು ಉಳಿಸಿದ ಶ್ರಮಕ್ಕೆ ನಾಳೆ ಬಡ್ಡಿ ಕಟ್ಟುವ ಈ ಸ್ಥಿತಿಯನ್ನು ವಾರ್ಡ್ ಕನಿಂಗ್‌ಹ್ಯಾಮ್ ಎಂಬ ತಂತ್ರಜ್ಞರು 1992ರಲ್ಲಿ ಸಾಲಕ್ಕೆ ಹೋಲಿಸಿದರು. ಅದೇ ಟೆಕ್ನಿಕಲ್ ಡೆಟ್. ಅಂಥ ಕಡೆಯಿಂದ "ಸಮಯ ಬೇಕು" ಎಂಬ ಉತ್ತರ ಬಂದರೆ ಅದು ನೆಪವೇ ಇರಬೇಕೆಂದಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಬರೆಯಬೇಕು.

ಮೆಟ್ರಿಕ್ಸ್: ನಮ್ಮ ಕೈಯಲ್ಲಿರುವುದು

ಫೀಚರ್ ಕೊಟ್ಟ ಮೇಲೆ ಎಷ್ಟು ಜನ ಬಳಸಿದರು ಎಂಬ ಎಣಿಕೆ ನಡೆಯುತ್ತದೆ. ಇಂಥ ಅಳತೆಗಳೇ ಮೆಟ್ರಿಕ್ಸ್. ಬಂದವರಲ್ಲಿ ಎಷ್ಟು ಮಂದಿ ಉಳಿದರು ಎಂಬುದು ರಿಟೆನ್ಷನ್, ಎಷ್ಟು ಮಂದಿ ಬಿಟ್ಟುಹೋದರು ಎಂಬುದು ಚರ್ನ್. ಕನ್ನಡ ಕೊಟ್ಟರೂ ಯಾರೂ ಆರಿಸದಿದ್ದರೆ ಮುಂದಿನ ಹೊಸ ಪರದೆಗಳಿಗೆ ಅನುವಾದ ನಿಲ್ಲುತ್ತದೆ, ಆಪ್ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆಗುತ್ತದೆ, ಅದನ್ನು ನೋಡಿ ಇನ್ನಷ್ಟು ಜನ ಬಿಡುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆರಿಸಿದ ಭಾಷೆ ಆ ಲೆಕ್ಕಕ್ಕೆ ಬೀಳುವ ಒಂದು ಮತ. ಇಂಗ್ಲಿಷ್ ಅಭ್ಯಾಸವಾಗಿರುವ ಸದಸ್ಯರೂ ಒಂದೆರಡು ಆಪನ್ನಾದರೂ ಕನ್ನಡಕ್ಕೆ ಬದಲಿಸಿಕೊಳ್ಳಬೇಕೆಂದು ಕೋರುತ್ತೇವೆ.

ಸದಸ್ಯರಲ್ಲಿ ವಿನಂತಿ

ಸಂವಿಧಾನದ 350ನೇ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸರಕಾರಿ ಅಧಿಕಾರಿಗೆ ಸಲ್ಲಿಸುವ ಹಕ್ಕು ನಮಗಿದೆ. ಖಾಸಗಿ ಕಂಪನಿಯ ಆಪಿಗೆ ಆ ವಿಧಿ ಅನ್ವಯಿಸುವುದಿಲ್ಲ. ಅಲ್ಲಿ ನಡೆಯುವುದು ಮೇಲೆ ಹೇಳಿದ ಲೆಕ್ಕ.

ಆದ್ದರಿಂದ ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಾವು ಬಳಸುವ ಆಪ್‌ಗಳ ಪೈಕಿ ಮೂರರ ಹೆಸರು ಬರೆದು ತನ್ನಿ. ಕನ್ನಡ ಇದೆಯೇ, ನಿಮ್ಮ ಊರಿನಲ್ಲಿ ಕಾಣುತ್ತದೆಯೇ, ಅಕ್ಷರ ಸರಿಯಿದೆಯೇ ಎಂಬ ಮೂರು ಕಾಲಂ ಸಾಕು. ಎಲ್ಲ ಊರುಗಳದ್ದನ್ನೂ ಸೇರಿಸಿ ಒಂದು ತಖ್ತೆ ಮಾಡಿ, ಬಗ್‌ಗಳನ್ನು ಬೇರೆ, ಕೋರಿಕೆಗಳನ್ನು ಬೇರೆ ಪತ್ರದಲ್ಲಿ ಕಳಿಸೋಣ. ಪ್ರಾಡಕ್ಟ್ ಮ್ಯಾನೇಜರ್ ಆಗಿರುವ ನಮ್ಮ ಮಕ್ಕಳು ರಜೆಯಲ್ಲಿ ಊರಿಗೆ ಬಂದಾಗ ಆ ಕರಡನ್ನು ಒಮ್ಮೆ ಓದಿ ತಿದ್ದಿಕೊಟ್ಟರೆ ಉಪಕಾರವಾಗುತ್ತದೆ. ಅವರ ಸಂಬಳ ಯಾತಕ್ಕೆ ಎಂಬ ಪ್ರಶ್ನೆಗೂ ಆಗ ಹಿರಿಯರಿಗೆ ಕಣ್ಣೆದುರೇ ಉತ್ತರ ಸಿಗುತ್ತದೆ.

ಇಂತಿ,
ಕಾರ್ಯದರ್ಶಿ