ಒಂದೇ ಒರೆ, ಎರಡು ಕತ್ತಿ

ಒಂದೇ ಒರೆಯಲ್ಲಿ ಎರಡು ಕತ್ತಿಗಳು ನಿಲ್ಲಲಾರವೆಂಬುದು ಲೋಕೋಕ್ತಿ. ಗಣಕಯಂತ್ರದ ವಿಷಯದಲ್ಲಿ ಈ ಮಾತು ಸಲ್ಲದು. ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಒಂದೇ ಯಂತ್ರದಲ್ಲಿರಿಸಿ, ಅದನ್ನು ಚಾಲನೆ ಮಾಡುವಾಗಲೆಲ್ಲ ಬೇಕಾದುದನ್ನು ಆರಿಸಿಕೊಳ್ಳಬಹುದು.

ಈ ಏರ್ಪಾಡಿನ ಅಗತ್ಯವು ಇಂದು ಅನೇಕ ಮನೆಗಳಿಗೆ ಒದಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಬಯಸುವ ಟಿ.ಪಿ.ಎಂ. 2.0 ಎಂಬ ಭದ್ರತಾ ಸಾಧನವು ಹಳೆಯ ಯಂತ್ರಗಳು ಹಲವಲ್ಲಿ ಇಲ್ಲ. ಹಾಗೆಂದು ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಬೇಕೆ? 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಉಚಿತವಾಗಿ ದೊರೆಯುತ್ತದೆ. ಹಳೆಯ ಯಂತ್ರಗಳಿಗೂ ಒಗ್ಗುವ ಅದರ ಆವೃತ್ತಿಗಳುಂಟು. ಆದರೆ ವಿಂಡೋಸನ್ನು ಪೂರ್ಣವಾಗಿ ತೊರೆಯುವುದೂ ಸುಲಭವಲ್ಲ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸಿದ ಕಡತಗಳಿಗೂ ಲೆಕ್ಕಪತ್ರದ ಕೆಲವು ತಂತ್ರಾಂಶಗಳಿಗೂ ಅದು ಬೇಕು. ಆದುದರಿಂದ ಅಂತರಜಾಲ, ಬ್ಯಾಂಕಿನ ವ್ಯವಹಾರಗಳು ಲಿನಕ್ಸಿನಲ್ಲಿ ನಡೆಯಲಿ. ಹಳೆಯ ಕಡತಗಳಿಗಷ್ಟೇ ವಿಂಡೋಸ್ ಇರಲಿ.

ಅಪಾಯವೆಲ್ಲವೂ ಡಿಸ್ಕನ್ನು ಪಾಲು ಮಾಡುವ ಘಟ್ಟದಲ್ಲಿದೆ. ಅಲ್ಲಿ ಎಡವಿದರೆ ಮನೆಯವರ ಛಾಯಾಚಿತ್ರಗಳೂ ಪತ್ರಗಳೂ ಅಳಿದುಹೋಗಬಹುದು. ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಬೇಕು. ಬಿಟ್‌ಲಾಕರ್ ಎಂಬ ಬೀಗವಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವನ್ನು ನಿಲ್ಲಿಸಬೇಕು. ಅದಿದ್ದರೆ ವಿಂಡೋಸ್ ಪೂರ್ಣವಾಗಿ ಮುಚ್ಚದೆ ಅರೆನಿದ್ರೆಯಲ್ಲಿರುತ್ತದೆ. ಅನಂತರ ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಲ್ಲಿ ವಿಂಡೋಸಿನ ಪಾಲನ್ನು ಕುಗ್ಗಿಸಿ, ಸುಮಾರು 50 ಗಿಗಾಬೈಟ್ ಸ್ಥಳವನ್ನು ತೆರವು ಮಾಡಬೇಕು.

ಇನ್ನು ಲಿನಕ್ಸನ್ನು ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿರಿ. ಉಬುಂಟು, ಮಿಂಟ್ ಮೊದಲಾದವುಗಳನ್ನು ಡಿಸ್ಕಿನಲ್ಲಿ ಸ್ಥಾಪಿಸುವ ಮುನ್ನವೇ ನಡೆಸಿನೋಡಬಹುದು. ಧ್ವನಿ, ವೈ-ಫೈಗಳು ಸರಿಯಾಗಿದ್ದರೆ ಮುಂದುವರಿಯಿರಿ. ಸ್ಥಾಪನೆಯ ವೇಳೆ ‘ವಿಂಡೋಸಿನ ಜೊತೆಯಲ್ಲಿ’ ಎಂಬ ಆಯ್ಕೆಯನ್ನೇ ಹಿಡಿಯಬೇಕು. ‘ಡಿಸ್ಕನ್ನು ಅಳಿಸು’ ಎಂಬುದನ್ನು ಮುಟ್ಟಬಾರದು.

ಮುಂದೆ ಯಂತ್ರವು ಎಚ್ಚರಗೊಂಡಾಗ ಗ್ರಬ್ ಎಂಬ ದ್ವಾರಪಾಲಕನು ಎರಡೂ ಹೆಸರುಗಳನ್ನು ಮುಂದಿಡುವನು. ಒಂದು ವಿನೋದವೂ ಉಂಟು. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಸಾಮಾನ್ಯವಾಗಿ ಜಾಗತಿಕ ಕಾಲಮಾನವೆಂದೂ ವಿಂಡೋಸ್ ಸ್ಥಳೀಯ ಕಾಲಮಾನವೆಂದೂ ಓದುವುದರಿಂದ, ನಮ್ಮಲ್ಲಿ ವಿಂಡೋಸಿನ ವೇಳೆ ಐದೂವರೆ ಗಂಟೆ ಹಿಂದೆ ಬೀಳಬಹುದು. ಲಿನಕ್ಸಿಗೆ ಸ್ಥಳೀಯ ಕಾಲವನ್ನೇ ಬಳಸುವಂತೆ ಹೇಳಿದರೆ ಈ ಜಗಳ ತೀರುವುದು.

ಒಂದು ಸಂಜೆಯ ತಾಳ್ಮೆ ಸಾಕು. ಹಳೆಯ ಯಂತ್ರಕ್ಕೆ ಇನ್ನೂ ಕೆಲವು ವರ್ಷಗಳ ಆಯುಷ್ಯ ದೊರೆಯುವುದು.